ಲಿಸ್ಬನ್‌ನಲ್ಲಿ ಕೇಳದೆ ಬಂದ ಬ್ರೆಡ್, ಆಲಿವ್‌ಗೆ ಬಿಲ್

ಲಿಸ್ಬನ್ ಹೋಟೆಲಿನಲ್ಲಿ ಕೇಳದೆ ತಂದಿಟ್ಟ ಬ್ರೆಡ್, ಆಲಿವ್‌ಗೆ ಬಿಲ್ ಹಾಕಿದರು, ಇದು ಮೋಸವೇ ಅಂತ ಕೇಳಿದ್ದೀರಿ. ಅದು ಬಹುಶಃ ‘ಕುವೇರ್’, ಅಂದರೆ ಊಟಕ್ಕೆ ಮೊದಲು ಇಡುವ ತಿನಿಸು, ಇರಬೇಕು. ಲಿಸ್ಬನ್‌ನಲ್ಲಿ ಕೂತ ತಕ್ಷಣ ಬ್ರೆಡ್, ಆಲಿವ್, ಚೀಸ್ ತಂದಿಡುತ್ತಾರೆ, ತಿಂದರೆ ದುಡ್ಡು. ಕೇಳದೆ, ಮುಟ್ಟದೆ ಬಿಟ್ಟದ್ದಕ್ಕೆ ಬಿಲ್ ಹಾಕುವಂತಿಲ್ಲ, ಅಲ್ಲಿನ ಕಾನೂನೇ ಹಾಗಿದೆ. ನೀವು ತಿಂದಿರೋ ಇಲ್ಲವೋ ಬರೆದಿಲ್ಲ, ಹಾಗಾಗಿ ಮೋಸ ಅಂತ ಹೇಳಲಾರೆ.

ಮುಂದಿನ ಸಲ ಮೊದಲು ಮೆನುವಿನಲ್ಲಿ ಅದರ ದರ ನೋಡಿ. ಬೇಡವಾದರೆ ತಟ್ಟೆ ಇಡುತ್ತಿದ್ದಂತೆಯೇ ‘ನಾಉಂ, ಒಬ್ರಿಗಾದು’ (ಬೇಡ, ಧನ್ಯವಾದ) ಅನ್ನಿ, ಹೇಳುವವರು ಹೆಂಗಸರಾದರೆ ‘ಒಬ್ರಿಗಾದಾ’. ವಾಪಸ್ ಒಯ್ಯುತ್ತಾರೆ, ಸಂಕೋಚ ಬೇಡ.

ಸಸ್ಯಾಹಾರಿ ಅಂದಿದ್ದೀರಿ, ಇದು ಮುಖ್ಯ: ಕಾಲ್ದು ವೆರ್ದ್ ಅನ್ನುವ ಅಲ್ಲಿನ ಸೂಪ್ ನೋಡಲು ನಮ್ಮ ಸೊಪ್ಪಿನ ಸಾರಿನಂತೆಯೇ, ಆದರೆ ಮೇಲೆ ತೇಲುವ ಕೆಂಪು ಬಿಲ್ಲೆ ಹಂದಿಮಾಂಸದ ಸಾಸೇಜ್. ತೆಗೆದುಕೊಟ್ಟರೂ ಸಾರಿನಲ್ಲಿ ಕುದಿಸಿರಬಹುದು, ಮೊದಲೇ ಕೇಳಿ.

ಇನ್ನು, ಲಿಸ್ಬನ್‌ನ ಹಳೆಯ ಕ್ರೈಸ್ತ ಮಠ ಜೆರೋನಿಮೋಸ್ ನೋಡುವುದಾದರೆ, ಅದಕ್ಕೆ ಸೋಮವಾರ ರಜೆ. ಮಂಗಳವಾರ ಬೆಳಿಗ್ಗೆ ಹೋಗಿ.