ಐಬಿಎಂನ ಸರ್ವರ್ ಸಾಫ್ಟ್‌ವೇರ್ ವೆಬ್‌ಸ್ಫಿಯರ್‌ನಲ್ಲಿ, ಅಪ್ಲಿಕೇಶನ್‌ಗಳ ನಡುವೆ ಮೆಸೇಜ್ ಸಾಗಿಸುವ ಬಸ್‌ಗೆ ಸೆಕ್ಯೂರಿಟಿ ಆನ್ ಮಾಡಿದ ಮೇಲೆ, ಪಾಸ್‌ವರ್ಡ್ ಸರಿಯಿದ್ದರೂ ಅಪ್ಲಿಕೇಶನ್ ಯಾಕೆ ಕನೆಕ್ಟ್ ಆಗುತ್ತಿಲ್ಲ?
ಬಹುತೇಕ ಸಲ ಕಾರಣ ಒಂದೇ: ಆ ಯೂಸರ್‌ಗೆ 'ಬಸ್ ಕನೆಕ್ಟರ್' ರೋಲ್, ಅಂದರೆ ಬಸ್‌ಗೆ ಸೇರುವ ಅನುಮತಿ, ಕೊಟ್ಟಿರುವುದಿಲ್ಲ. ಅಡ್ಮಿನ್ ಕನ್ಸೋಲ್‌ನಲ್ಲಿ ಆ ಬಸ್‌ನ ಸೆಕ್ಯೂರಿಟಿ ಪುಟಕ್ಕೆ ಹೋಗಿ, ಯೂಸರ್ ಅಥವಾ ಅವರ ಗ್ರೂಪನ್ನು ಆ ರೋಲ್‌ಗೆ ಸೇರಿಸಿ.

ಈ ಬಸ್, ನೀವು ಯಾರು ಅನ್ನುವುದನ್ನೂ ನಿಮಗೆ ಏನು ಮಾಡಲು ಬಿಡಬೇಕು ಅನ್ನುವುದನ್ನೂ ಬೇರೆ ಬೇರೆಯಾಗಿ ನೋಡುತ್ತದೆ. ಪಾಸ್‌ವರ್ಡ್ ಮೊದಲನೆಯದಕ್ಕೆ ಮಾತ್ರ. ಒಳಗೆ ಬರಲು ಕನೆಕ್ಟರ್ ರೋಲ್ ಬೇಕು. ಬಂದ ಮೇಲೂ ಕ್ಯೂಗೆ (ಮೆಸೇಜ್‌ಗಳು ಕಾಯುವ ಸಾಲಿಗೆ) ಮೆಸೇಜ್ ಹಾಕಲು ಸೆಂಡರ್, ತೆಗೆದುಕೊಳ್ಳಲು ರಿಸೀವರ್, ತೆಗೆಯದೆ ಸುಮ್ನೆ ನೋಡಲು ಬ್ರೌಸರ್ ರೋಲ್ ಇರಬೇಕು.

ಕೆಲಸ ಬೇಗ ಮುಗಿಯಲಿ ಅಂತ 'ಎವ್ರಿಒನ್' ಗ್ರೂಪನ್ನು ಕನೆಕ್ಟರ್ ರೋಲ್‌ಗೆ ಸೇರಿಸಬೇಡಿ, ದಯವಿಟ್ಟು. ಲಾಗಿನ್ ಆಗದವರಿಗೂ ಬಾಗಿಲು ತೆರೆದ ಹಾಗಾಗುತ್ತದೆ. ಪ್ರತಿ ಅಪ್ಲಿಕೇಶನ್‌ಗೂ ಅದರದೇ ಯೂಸರ್ ಇಟ್ಟು, ಬೇಕಾದಷ್ಟೇ ರೋಲ್ ಕೊಡುವುದು ಸ್ವಲ್ಪ ಜಾಸ್ತಿ ಕೆಲಸ, ಆದರೆ ಅದೇ ಸರಿ.

ರೋಲ್ ಕೊಟ್ಟರೂ ಆಗದಿದ್ದರೆ, ಕನೆಕ್ಷನ್ ಫ್ಯಾಕ್ಟರಿ (ಅಪ್ಲಿಕೇಶನ್ ಬಸ್‌ಗೆ ಕನೆಕ್ಟ್ ಆಗುವ ಸೆಟ್ಟಿಂಗ್) ಮತ್ತು ಆಕ್ಟಿವೇಶನ್ ಸ್ಪೆಸಿಫಿಕೇಶನ್‌ನಲ್ಲಿ (ಬಂದ ಮೆಸೇಜನ್ನು ಅಪ್ಲಿಕೇಶನ್‌ಗೆ ತಲುಪಿಸುವ ಸೆಟ್ಟಿಂಗ್) ಆಥೆಂಟಿಕೇಶನ್ ಏಲಿಯಾಸ್, ಅಂದರೆ ಯೂಸರ್ ಮತ್ತು ಪಾಸ್‌ವರ್ಡ್ ಉಳಿಸಿಟ್ಟ ಹೆಸರು, ಇದೆಯಾ ನೋಡಿ. ಬಸ್‌ನಲ್ಲಿ ಎಸ್ಎಸ್ಎಲ್, ಅಂದರೆ ಗೂಢಲಿಪಿಯ ಕನೆಕ್ಷನ್, ಕಡ್ಡಾಯ ಮಾಡಿದ್ದರೆ ಹೊರಗಿನ ಕ್ಲೈಂಟ್ ಸಾಮಾನ್ಯ ಪೋರ್ಟ್ 7276 ಬಿಟ್ಟು 7286 ಬಳಸಬೇಕು. ಎರಡೂ ಡೀಫಾಲ್ಟ್ ಸಂಖ್ಯೆಗಳು, ನಿಮ್ಮ ಸರ್ವರ್‌ನಲ್ಲಿ ಬೇರೆ ಇರಬಹುದು.