ಸರಿಯಾದ ಕನ್ನಡ ಪದಕ್ಕೂ ಕೆಂಪು ಗೆರೆ ಯಾಕೆ?

ಪ್ರಶ್ನೆ: ಓದುಗರೇ ಕಥೆ ಬರೆದು ಹಾಕುವ ಸಣ್ಣ ವೆಬ್‌ಸೈಟ್ ನಮ್ಮದು. ಕಾಗುಣಿತದ ತಪ್ಪು ಜಾಸ್ತಿ ಅಂತ ತಪ್ಪು ಪದ ಹಿಡಿಯುವ ಟೈಪೊ ಜೆಎಸ್ ಎಂಬ ಜಾವಾಸ್ಕ್ರಿಪ್ಟ್ ಲೈಬ್ರರಿ ಹಾಕಿ, ಕನ್ನಡ ಪದಪಟ್ಟಿಯೊಂದನ್ನು ಕೊಟ್ಟೆ. ಈಗ ಸರಿಯಿರುವ ಪದಗಳಿಗೂ ಕೆಂಪು ಗೆರೆ. ಲೈಬ್ರರಿ ಬದಲಿಸಬೇಕಾ?

ಉತ್ತರ: ಈಗಲೇ ಬೇಡ. ಮೊದಲು ನಿಮ್ಮ ಕೋಡ್ ವಾಕ್ಯವನ್ನು ಪದಗಳಾಗಿ ಹೇಗೆ ಒಡೆಯುತ್ತಿದೆ ನೋಡಿ. ಯೂನಿಕೋಡ್‌ನಲ್ಲಿ, ಅಂದರೆ ಕಂಪ್ಯೂಟರ್‌ಗಾಗಿ ಪ್ರತಿ ಅಕ್ಷರ, ಚಿಹ್ನೆಗೂ ಒಂದು ಸಂಖ್ಯೆ ಕೊಡುವ ವ್ಯವಸ್ಥೆಯಲ್ಲಿ, ಗುಣಿತದ ಚಿಹ್ನೆಗಳು ‘ಲೆಟರ್’ ಗುಂಪಿನಲ್ಲಿಲ್ಲ, ‘ಮಾರ್ಕ್’ ಗುಂಪಿನಲ್ಲಿವೆ. ಹಾಗಾಗಿ ಬರೀ ಲೆಟರ್ ಹುಡುಕುವ ಕೋಡ್ ‘ಕೆಲಸ’ವನ್ನು ‘ಕ’, ‘ಲಸ’ ಅಂತ ತುಂಡು ಮಾಡುತ್ತದೆ, ಆಮೇಲೆ ಎರಡಕ್ಕೂ ಕೆಂಪು ಗೆರೆ. ಬ್ರೌಸರ್‌ನಲ್ಲೇ ಇರುವ ಇಂಟ್ಲ್ ಸೆಗ್ಮೆಂಟರ್ ಎಂಬ ಸೌಲಭ್ಯಕ್ಕೆ ಈ ಪದ ಒಡೆಯುವ ಕೆಲಸ ಕೊಡಿ. ಜೊತೆಗೆ ಎನ್‌ಎಫ್‌ಸಿ ನಾರ್ಮಲೈಸ್ ಮಾಡಿ, ಅಂದರೆ ಒಂದೇ ಅಕ್ಷರದ ಬೇರೆ ಬೇರೆ ರೂಪಗಳನ್ನು ಒಂದೇ ರೂಪಕ್ಕೆ ತನ್ನಿ, ಯಾಕಂದ್ರೆ ‘ಕೊ’ದಲ್ಲಿರುವ ಒಕಾರ ಒಂದೇ ಯೂನಿಕೋಡ್ ಸಂಖ್ಯೆ ಆಗಿಯೂ ಬರಬಹುದು, ಎರಡು ಸಂಖ್ಯೆ ಸೇರಿಯೂ ಬರಬಹುದು, ಕಣ್ಣಿಗೆ ಮಾತ್ರ ವ್ಯತ್ಯಾಸ ಗೊತ್ತಾಗಲ್ಲ.

ನಿಜವಾದ ಕೆಲಸ ಇರೋದು ಪದಪಟ್ಟಿಯಲ್ಲಿ. ‘ಊರು’ ಪಟ್ಟಿಯಲ್ಲಿದ್ದರೂ ‘ಊರಿಗೆ’, ‘ಊರಿನಲ್ಲಿ’, ‘ಊರಿನವರಿಗೂ’ ಇರಲ್ಲ ಅಲ್ವಾ? ಎಷ್ಟು ಅಂತ ಬರೆದು ಸೇರಿಸ್ತೀರಿ! ಟೈಪೊ ಜೆಎಸ್ ಓದುವುದು ಹನ್‌ಸ್ಪೆಲ್ ಎಂಬ ಕಾಗುಣಿತ ಪರೀಕ್ಷಕ ತಂತ್ರಾಂಶದ ನಿಘಂಟುಗಳನ್ನು. ಹನ್‌ಸ್ಪೆಲ್ ಹುಟ್ಟಿದ್ದು ಹಂಗೇರಿಯನ್ ಭಾಷೆಗಾಗಿ, ಅದೂ ನಮ್ಮ ಹಾಗೆ ಪದದ ಬಾಲಕ್ಕೆ ಪ್ರತ್ಯಯ ಪೋಣಿಸುತ್ತಾ ಹೋಗುವ ಭಾಷೆ. ಹನ್‌ಸ್ಪೆಲ್ ನಿಘಂಟಿನಲ್ಲಿ ಎರಡು ಫೈಲ್: ಡಿಕ್ (.dic) ಫೈಲಿನಲ್ಲಿ ಪದಗಳು, ಆಫ್ (.aff) ಫೈಲಿನಲ್ಲಿ ನಿಯಮಗಳು. ‘ಕೊನೆಯ ಉಕಾರ ತೆಗೆದು ಇನಲ್ಲಿ ಸೇರಿಸು’ ಅಂತ ಒಂದು ನಿಯಮ ಬರೆದರೆ ಊರು, ಕಾಡು, ನಾಡು ಎಲ್ಲಕ್ಕೂ ಆಯಿತು. ಮನೆ, ಮರಗಳಿಗೆ ಬೇರೆ ನಿಯಮ. ಕೂತು ಬರೆಯಬೇಕು, ಬೇರೆ ದಾರಿಯಿಲ್ಲ. ಅದೇ ಆಫ್ ಫೈಲಿನಲ್ಲಿ ಜನ ಅದಲುಬದಲು ಮಾಡುವ ಲ–ಳ, ನ–ಣ, ಶ–ಷ ಜೋಡಿಗಳನ್ನೂ ಹಾಕಿ, ‘ಬೆಲಗ್ಗೆ’ ಅಂತ ಬರೆದವರಿಗೆ ‘ಬೆಳಗ್ಗೆ’ ಸಲಹೆಯಾಗಿ ಸಿಗುತ್ತದೆ.

ಒಂದು ಎಚ್ಚರಿಕೆ. ಟೈಪೊ ಜೆಎಸ್ ಈ ಎಲ್ಲ ರೂಪಗಳನ್ನೂ ಲೋಡ್ ಆಗುವಾಗಲೇ ಬೆಳೆಸಿ ಮೆಮೊರಿಯಲ್ಲಿ ಇಟ್ಟುಕೊಳ್ಳುತ್ತದೆ. ಕನ್ನಡದಲ್ಲಿ ಇದು ಬೇಗ ಭಾರವಾಗುತ್ತದೆ, ಕಡಿಮೆ ಬೆಲೆಯ ಫೋನ್ ಇದ್ದವರ ಪುಟ ನಿಂತೇ ಹೋಗಬಹುದು. ಕನಿಷ್ಠ ವೆಬ್ ವರ್ಕರ್‌ನಲ್ಲಿ, ಅಂದರೆ ಪುಟವನ್ನು ತಡೆಯದೆ ಹಿನ್ನೆಲೆಯಲ್ಲಿ, ಓಡಿಸಿ. ನಿಯಮಗಳು ಬೆಳೆದ ಮೇಲೆ ಸರ್ವರ್‌ನಲ್ಲಿ ಹನ್‌ಸ್ಪೆಲ್ಲನ್ನೇ ಇಟ್ಟು, ಪದಗಳನ್ನು ಅಲ್ಲಿಗೆ ಕಳಿಸಿ ಕೇಳುವುದೇ ವಾಸಿ.

ಇನ್ನೊಂದು ಮಾತು, ದಯವಿಟ್ಟು ತಪ್ಪಿದೆ ಅಂತ ಕಥೆ ಸೇವ್ ಆಗೋದನ್ನು ತಡೆಯಬೇಡಿ. ಧಾರವಾಡದ ಕಡೆಯ ಪಾತ್ರ ‘ಹೊಂಟೀನಿ’ ಅಂದರೆ ಅದು ತಪ್ಪಲ್ಲ. ಉದ್ಧರಣ ಚಿಹ್ನೆಯೊಳಗಿನ ಮಾತನ್ನು ಪರೀಕ್ಷೆಯಿಂದ ಹೊರಗಿಡಿ, ‘ಈ ಪದ ಸರಿ ಇದೆ’ ಅನ್ನುವ ಬಟನ್ ಒಂದನ್ನು ಬರೆಯುವವರಿಗೆ ಕೊಡಿ.