ರೆಗೇಟೋನ್ ಹುಟ್ಟಿದ್ದು ಪನಾಮದಲ್ಲೋ ಪೋರ್ಟೊ ರಿಕೊದಲ್ಲೋ? ಆರಂಭದ ಕಲಾವಿದರು ಯಾರು?

ಪೋರ್ಟೊ ರಿಕೊದ ಗಾಯಕ ಡ್ಯಾಡಿ ಯಾಂಕಿಯ 'ಗ್ಯಾಸೊಲಿನಾ' ಹಾಡು (2004) ಬರುವ ಮುಂಚೆ ರೆಗೇಟೋನ್, ಅಂದರೆ ಸ್ಪ್ಯಾನಿಷ್‌ನಲ್ಲಿ ಹಾಡಿ ರ್‍ಯಾಪ್ ಮಾಡುವ ಈ ಕುಣಿತದ ಸಂಗೀತ, ಎಲ್ಲಿತ್ತು, ಯಾರಿಂದ ಕೇಳಲು ಶುರುಮಾಡಬೇಕು ಅಂತ ಕೇಳಿದ್ದೀರಿ. ನನ್ನ ಪ್ರಕಾರ ಸ್ಪ್ಯಾನಿಷ್‌ನಲ್ಲಿ ರೆಗೇ (ಜಮೈಕಾದ ಜನಪ್ರಿಯ ಸಂಗೀತ) ಹಾಡುವುದನ್ನು ಬೆಳೆಸಿದ್ದು ಪನಾಮ, ಅದನ್ನು ರೆಗೇಟೋನ್ ಮಾಡಿದ್ದು ಪೋರ್ಟೊ ರಿಕೊದ ಸಾನ್ ಹ್ವಾನ್ ನಗರದ ಕ್ಯಾಸೆಟ್‌ಗಳು. ತಾಳ ಮಾತ್ರ ಜಮೈಕಾದ್ದು. ಹಾಗಾಗಿ ದೇಶದ ಹೆಸರು ಬಿಟ್ಟು ತಾಳದ ಬೆನ್ನು ಹಿಡಿಯಿರಿ, ದಾರಿ ಸರಿಯಾಗಿ ಕಾಣುತ್ತದೆ.

ತಾಳ ಗುರುತಿಸುವುದು ಸುಲಭ. ಬಾಯಲ್ಲಿ 'ತಕಿಟ ತಕಿಟ ತಕ' ಹೇಳುತ್ತಾ ನಾಲ್ಕು ಅಕ್ಷರಕ್ಕೊಮ್ಮೆ ಕಾಲು ತಟ್ಟಿ. ಕಾಲು ಬೀಳುವ ಕಡೆ ಕಿಕ್ ಡ್ರಮ್ (ದಪ್ಪ ದನಿಯದು). ಎರಡನೇ 'ತಕಿಟ' ಮತ್ತು ಕೊನೆಯ 'ತಕ' ಶುರುವಾಗುವ ಕಡೆ ಸ್ನೇರ್ (ಚುರುಕು ಸದ್ದಿನ ಡ್ರಮ್). ಬೀಟ್ ಕಟ್ಟುವ ಸಾಫ್ಟ್‌ವೇರ್‌ನಲ್ಲಿ 16 ಮನೆಗಳಿದ್ದರೆ (ಇದನ್ನೇ ಎರಡು ಸಲ ಹೇಳಿದಂತೆ) ಕಿಕ್ 1, 5, 9, 13ರಲ್ಲಿ, ಸ್ನೇರ್ 4, 7, 12, 15ರಲ್ಲಿ. ವೇಗ ನಿಮಿಷಕ್ಕೆ ಸುಮಾರು 90ರಿಂದ 100 ಬೀಟ್. ಸ್ನೇರನ್ನು 5 ಮತ್ತು 13ಕ್ಕೆ ತಂದಿಟ್ಟರೆ ಅದು ಹಿಪ್‌ಹಾಪ್ ಆಗಿಬಿಡುತ್ತದೆ. ಹೊಸದಾಗಿ ಬೀಟ್ ಮಾಡುವವರು ಎಡವುವುದು ಇಲ್ಲೇ.

ಪನಾಮ ಕಾಲುವೆ ತೋಡಲು ಬಂದ ಜಮೈಕಾ, ಬಾರ್ಬಡೋಸ್ ಕಡೆಯ ಕಾರ್ಮಿಕರ ವಂಶದವರು ಅಲ್ಲೇ ನೆಲೆಸಿದ್ದರು. 1980ರ ದಶಕದಲ್ಲಿ ಆ ಮನೆಗಳ ಹುಡುಗರು ಜಮೈಕಾದ ಡಾನ್ಸ್‌ಹಾಲ್ (ರೆಗೇಯಿಂದ ಬೆಳೆದ ಕುಣಿತದ ಸಂಗೀತ) ಹಾಡುಗಳಿಗೆ ಸ್ಪ್ಯಾನಿಷ್ ಸಾಹಿತ್ಯ ಕಟ್ಟಿದರು. ರೆನಾಟೊ, ನಾಂಡೊ ಬೂಮ್, ಎಲ್ ಹೆನೆರಾಲ್, ಈ ಮೂವರನ್ನು ಬಿಟ್ಟು ಮುಂದೆ ಹೋಗಬೇಡಿ.

ಜಮೈಕಾದ ಶಬ್ಬಾ ರ್‍ಯಾಂಕ್ಸ್ ಹಾಡಿದ 'ಡೆಮ್ ಬೋ' ಈ ಕಥೆಯ ತಿರುವು. ಸಲಿಂಗಕಾಮಿಗಳ ಬಗ್ಗೆ ದ್ವೇಷ ತುಂಬಿದ ಹಾಡು ಅದು, ಅದನ್ನು ಮುಚ್ಚಿಡುವುದು ಸರಿಯಲ್ಲ. ಉಳಿದುಕೊಂಡದ್ದು ಅದರ ತಾಳ. ನ್ಯೂಯಾರ್ಕ್ ಕಡೆ ಕೆಲಸ ಮಾಡುತ್ತಿದ್ದ ಜಮೈಕಾ ಮೂಲದ ಸಂಗೀತ ನಿರ್ಮಾಪಕ ಡೆನಿಸ್ 'ದಿ ಮೆನೇಸ್' ಥಾಂಪ್ಸನ್ ನಾಂಡೊ ಬೂಮ್‌ಗಾಗಿ ಆ ತಾಳವನ್ನು ಹೊಸದಾಗಿ ನುಡಿಸಿ ಕೊಟ್ಟರು. ಪೋರ್ಟೊ ರಿಕೊದ ಡಿಜೆಗಳು ಮತ್ತೆ ಮತ್ತೆ ತಿರುಗಿಸಿದ್ದು ಈ ರೂಪವನ್ನೇ. ಅಲ್ಲಿ ಅದಕ್ಕೆ 'ಡೆಂಬೋ' ಎಂಬ ಹೆಸರೇ ನಿಂತಿತು.

ಪೋರ್ಟೊ ರಿಕೊದಲ್ಲಿ ನೆಲ ಹದಮಾಡಿದ್ದು ಸ್ಪ್ಯಾನಿಷ್ ರ್‍ಯಾಪ್ ಹಾಡುತ್ತಿದ್ದ ವೀಕೊ ಸಿ. ಆಮೇಲೆ ಡಿಜೆ ಪ್ಲೇಯೆರೊ ಮತ್ತು ಡಿಜೆ ನೆಗ್ರೊ ಬಂದರು. ನೆಗ್ರೊ ಅವರ ಕ್ಲಬ್ಬಿನ ಹೆಸರು 'ದಿ ನಾಯ್ಸ್', ಅದೇ ಹೆಸರಲ್ಲಿ ಕ್ಯಾಸೆಟ್ ಸರಣಿಯೂ ಬಂತು. ಆಗ ಇದಕ್ಕೆ 'ಅಂಡರ್‌ಗ್ರೌಂಡ್' ಅನ್ನುತ್ತಿದ್ದರು. ಕ್ಯಾಸೆಟ್‌ನ ಒಂದು ಮಗ್ಗುಲು ಪೂರ್ತಿ ಒಂದೇ ಮಿಕ್ಸ್: ಒಬ್ಬ ಹಾಡಿ ಮುಗಿಸುತ್ತಿದ್ದಂತೆ ಇನ್ನೊಬ್ಬ, ನಡುವೆ ತಾಳ ಬದಲು. ಡಿಜೆ ಪ್ಲೇಯೆರೊ ಅವರ ಕ್ಯಾಸೆಟ್ 'ಪ್ಲೇಯೆರೊ 37'ರಲ್ಲಿ ಹದಿಹರೆಯದ ಡ್ಯಾಡಿ ಯಾಂಕಿ ಇದ್ದಾನೆ. ಮೈಕೋಲ್ ಮತ್ತು ಮನುವೆಲ್, ಬೇಬಿ ರಾಸ್ಟಾ ಮತ್ತು ಗ್ರಿಂಗೊ ಜೋಡಿಗಳೂ ಇದೇ ಕ್ಯಾಸೆಟ್ ಲೋಕದಲ್ಲಿ ಬೆಳೆದವರು.

ಫೆಬ್ರುವರಿ 1995ರಲ್ಲಿ ಪೊಲೀಸರು ಸಾನ್ ಹ್ವಾನ್ ಭಾಗದ ಆರು ಅಂಗಡಿಗಳ ಮೇಲೆ ದಾಳಿ ಮಾಡಿ, ಅಶ್ಲೀಲವೆಂದು ನೂರಾರು ಕ್ಯಾಸೆಟ್, ಸಿಡಿ ಒಯ್ದರು. ಸರ್ಕಾರಿ ವಸತಿ ಸಮುಚ್ಚಯಗಳ ಬಡ ಹುಡುಗರನ್ನೇ ಅಪರಾಧಿಗಳಂತೆ ಕಾಣುತ್ತಿದ್ದ ಕಾಲ ಅದು. ಗಾಯಕಿ ಐವಿ ಕ್ವೀನ್ 'ದಿ ನಾಯ್ಸ್'ಗೆ ಹಾಡಿದ ಹಾಡಿನ ಹೆಸರೇ 'ನಾವು ರ್‍ಯಾಪರ್‌ಗಳು, ಅಪರಾಧಿಗಳಲ್ಲ' ಎಂದು. ಗಂಡಸರೇ ತುಂಬಿದ್ದ ಆ ಗುಂಪಿನಲ್ಲಿ ಆಕೆಯ ಗಟ್ಟಿ ದನಿ ಕೇಳಿದರೆ ಈಗಲೂ ಮೈ ಜುಮ್ ಅನ್ನುತ್ತದೆ. ಆಕೆಯ ಮೊದಲ ಆಲ್ಬಂ ಬಂದದ್ದು 1997ರಲ್ಲಿ.

ಕೇಳುವ ಕ್ರಮ: ಮೊದಲು 'ಡೆಮ್ ಬೋ', ತಕ್ಷಣ ನಾಂಡೊ ಬೂಮ್ ಹಾಡಿದ 'ಎಯೋಸ್ ಬೆನಿಯಾ', ಆಮೇಲೆ 'ಪ್ಲೇಯೆರೊ 37', ಕೊನೆಗೆ 'ದಿ ನಾಯ್ಸ್' ಸರಣಿಯ ಮೊದಲ ಕ್ಯಾಸೆಟ್‌ಗಳು. ಹಾಡಿನ ಹೆಸರು ಹಾಕಿ ಹುಡುಕಿದರೆ ತುಂಡುಗಳು ಸಿಗುತ್ತವೆ, ತಾಳ ಬದಲಾಗುವ ಜಾಗವೇ ತಪ್ಪಿಹೋಗುತ್ತದೆ. ಕ್ಯಾಸೆಟ್‌ನ ಹೆಸರು ಮತ್ತು ಸಂಖ್ಯೆ ಹಾಕಿ, ಇಡೀ ಮಗ್ಗುಲು ಒಂದೇ ಫೈಲಾಗಿರುವುದನ್ನು ಆರಿಸಿಕೊಳ್ಳಿ.